ಓಡಿ ಬಂದರೆ ಹೆದರಬೇಡ

ಚಳ್ಳಕೆರೆ
ಗುರುವಾರ, 8 ಜನವರಿ 2026

ಅವ್ವಾ,

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ. ನಿನ್ನ ಅಳಿಯ ಅಮರೇಶ್ ಚೆನ್ನಾಗಿದ್ದಾರೆ, ನಾನೂ ಇದ್ದೇನೆ. ಲಕೋಟೆ ನೋಡಿದ ಕೂಡಲೇ ನಿಂತಲ್ಲೇ ಒಡೆದಿರುತ್ತೀಯ. ಕನ್ನಡಕ ಹಾಕಿಕೊಂಡು, ಸರಿಯಾಗಿ ಕೂತು ಓದು. ನನ್ನ ಒತ್ತಕ್ಷರ ನೋಡಿ ನಗಬೇಡ, ಇಂಗ್ಲಿಷ್ ಶಾಲೆಗೆ ಸೇರಿಸಿದವಳು ನೀನೇ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಬೇಡ ಅನ್ನುತ್ತೀಯ, ನಾನು ಹೂಂ ಅಂದುಬಿಡುತ್ತೇನೆ. ಅದಕ್ಕೇ ಶಿಲ್ಪಳ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ತವರಿಗೆ ಬಂದಿದ್ದ ನಿನ್ನ ಸೊಸೆ ನಾಳೆ ಅಲ್ಲಿಗೆ ಹೊರಟಿದ್ದಾಳೆ. ಪತ್ರದಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿಲ್ಲ.

ವಿಷಯ ಇಷ್ಟು. ಈ ಭಾನುವಾರ ಚಳ್ಳಕೆರೆಯ ಹೊರವಲಯದಿಂದ ಮೊಳಕಾಲ್ಮುರಿಗೆ ಮ್ಯಾರಥಾನ್ ಓಟ ಇಟ್ಟಿದ್ದಾರೆ. ನಲವತ್ತೆರಡು ಕಿಲೋಮೀಟರ್. ತಳಕು, ಹಾನಗಲ್ ದಾಟಿ ಊರೊಳಗೆ ಬಂದು, ನಮ್ಮ ಸೀರೆ ಅಂಗಡಿಯ ಮುಂದೆಯೇ ಹಾದು ಮುಗಿಯುತ್ತದೆ. ಅದರಲ್ಲಿ ನಾನೂ ಹೆಸರು ಕೊಟ್ಟಿದ್ದೇನೆ. ಹೋದ ವರ್ಷದಿಂದ ಓಡುವ ಅಭ್ಯಾಸ ಮಾಡುತ್ತಿದ್ದೇನೆ. ನಿನಗೆ ಹೇಳಿರಲಿಲ್ಲ.

ಅಷ್ಟು ದೂರದ ಭಯ ಇದ್ದೇ ಇದೆ, ಮೂವತ್ತು ಕಿಲೋಮೀಟರಿನ ಆಚೆ ನನ್ನ ಕಾಲುಗಳು ಏನು ಮಾಡುತ್ತವೋ ನನಗೇ ಗೊತ್ತಿಲ್ಲ. ಆದರೆ ನನ್ನನ್ನು ಹೆಚ್ಚು ಹೆದರಿಸುವುದು ಕೊನೆಯ ನೂರು ಮಾರು. ನೀನು ಅಂಗಡಿಯಲ್ಲಿ ಯಾರಿಗೋ ಸೀರೆಯ ಸೆರಗು ಬಿಡಿಸಿ ತೋರಿಸುತ್ತಿರುತ್ತೀಯ. ತಲೆ ಎತ್ತುತ್ತೀಯ. ನಿನ್ನ ಮಗಳು ಕೂದಲು ಕೆದರಿಕೊಂಡು, ಬಾಯಿ ತೆರೆದುಕೊಂಡು ನಿನ್ನ ಕಡೆಗೇ ಓಡಿ ಬರುತ್ತಿರುತ್ತಾಳೆ. ಆ ಒಂದು ಗಳಿಗೆಯಲ್ಲಿ ನಿನಗೆ ಏನು ಅನಿಸುತ್ತದೆ ಎಂದು ನನಗೆ ಗೊತ್ತು, ಅವ್ವ.

ಅಪ್ಪಾಜಿ ಹೋದ ದಿನ ಸುದ್ದಿ ತಂದವನು ಓಡಿ ಬರಲಿಲ್ಲ. ಅಪ್ಪಾಜಿ ಕೆಲಸಕ್ಕಿದ್ದ ಎಣ್ಣೆ ಮಿಲ್ಲಿನ ಗುಮಾಸ್ತ ಮರುಳಪ್ಪ ನಿಧಾನಕ್ಕೆ ನಡೆದುಕೊಂಡು ಬಂದ. ಯಾವತ್ತೂ ಚಪ್ಪಲಿಯನ್ನು ಎಲ್ಲೆಂದರಲ್ಲಿ ಒದರುವವನು ಅವತ್ತು ಬಾಗಿಲ ಬಳಿ ಜೋಡಿಸಿ ಬಿಟ್ಟ. ಒಂದು ಲೋಟ ನೀರು ಕೇಳಿದ. ನೀನು ನೀರು ತರಲೂ ಇಲ್ಲ, ಏನಾಯಿತು ಎಂದು ಕೇಳಲೂ ಇಲ್ಲ. ಒಲೆಯ ಮೇಲೆ ಹಾಲು ಹಾಗೇ ಬಿಟ್ಟು, ಬರಿಗಾಲಲ್ಲಿ ಬೀದಿಗೆ ಬಿದ್ದು ಮಿಲ್ಲಿನವರೆಗೂ ಓಡಿದೆ. ಸೋಮಶೇಖರಪ್ಪನವರ ಹೆಂಡತಿ ಓಡುತ್ತಿದ್ದಾರೆ ಎಂದು ಬೀದಿಯ ಎರಡೂ ಕಡೆಯ ಮನೆಗಳಿಂದ ಜನ ಹೊರಗೆ ಬಂದರು. ನಾನು ಶಾಲೆಯ ಯೂನಿಫಾರ್ಮಿನಲ್ಲಿ ಬಾಗಿಲಲ್ಲೇ ನಿಂತಿದ್ದೆ, ಹಾಲು ಉಕ್ಕುವ ವಾಸನೆ ಬರುತ್ತಿತ್ತು.

ಆಮೇಲೆ ನಮ್ಮ ಮನೆಯಲ್ಲಿ ಯಾರೂ ಓಡುವ ಹಾಗಿರಲಿಲ್ಲ. ಬಸ್ಸು ತಪ್ಪಿದರೆ ತಪ್ಪಲಿ ಎಂದು ನೀನು ಅನ್ನುತ್ತಿದ್ದೆ. ಶಾಲೆಯ ಆಟೋಟದ ದಿನ ಬಂದರೆ ನನಗೆ ಹೊಟ್ಟೆನೋವು ಎಂದು ನೀನೇ ಚೀಟಿ ಬರೆದು ಕೊಡುತ್ತಿದ್ದೆ. ನಾನು ಮೈದಾನದ ಅಂಚಿನಲ್ಲಿ ಹೊಟ್ಟೆ ಹಿಡಿದುಕೊಂಡು ನಿಲ್ಲುತ್ತಿದ್ದೆ. ಹೆಣ್ಣುಮಕ್ಕಳು ಓಡಿದರೆ ಯಾರಿಗೋ ಏನೋ ಆಗೈತೆ ಅಂತ ಜನ ತಿಳ್ಕಂತಾರೆ ಅನ್ನುವುದು ನಿನ್ನ ಮಾತು. ಅದು ನಿನ್ನೊಬ್ಬಳ ಹೆದರಿಕೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ.

ಇಲ್ಲಿನ ಕುದಾಪುರದ ರಸ್ತೆಯಲ್ಲಿ ಓಡಿದ ಮೊದಲ ದಿನವೇ ನೀನು ಹೇಳಿದ್ದು ನಿಜ ಎಂದು ಗೊತ್ತಾಯಿತು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅಲ್ಲಿನ ದೊಡ್ಡ ವಿಜ್ಞಾನ ಸಂಸ್ಥೆಗಳ ಕಾಂಪೌಂಡ್ ಗೋಡೆಯ ಪಕ್ಕ ಕುರಿ ಬಿಟ್ಟುಕೊಂಡು ಹೊರಟಿದ್ದ ಒಬ್ಬ ಹೆಂಗಸು ನನ್ನನ್ನು ನೋಡಿದ್ದೇ ಕೋಲು ಕೆಳಗೆ ಹಾಕಿ ಅಡ್ಡ ಬಂದಳು. ಅವಳ ನಾಯಿಯೂ ಬಂತು. "ಯಾರಿಗೇನಾತವ್ವಾ?" ಅಂದಳು. ಯಾರಿಗೂ ಏನೂ ಇಲ್ಲ ಅಂದೆ. "ಮತ್ತ್ಯಾಕೆ ಓಡ್ತೀಯ?" ಅಂದಳು. ಸುಮ್ಮನೆ ಅಂದುಬಿಟ್ಟೆ. ಅವಳ ಹೆಸರು ದುರುಗಕ್ಕ. ಅದೇ ವಾರ ಹೊನ್ನೂರಸ್ವಾಮಿ ಅನ್ನುವ ಹಾಲಿನವನು ಟಿವಿಎಸ್ ನಿಲ್ಲಿಸಿ, ಹತ್ತಿ ಮೇಡಂ, ಆಸ್ಪತ್ರೆ ತನಕ ಬಿಡ್ತೀನಿ ಅಂದ. ಬೇಡ ಅಂದಿದ್ದಕ್ಕೆ, ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ನನ್ನ ಹಿಂದೆ ಇಣುಕಿ ನೋಡಿದ. ಆಮೇಲೆ ಕ್ಯಾನುಗಳನ್ನು ಕುಲುಕಿಸಿಕೊಂಡು ಊರು ಸಿಗುವವರೆಗೂ ನನ್ನ ಹಿಂದೆಯೇ ಮೆಲ್ಲಗೆ ಬಂದ. ಅವತ್ತು ಎಷ್ಟು ಜನಕ್ಕೆ ಹಾಲು ತಡವಾಯಿತೋ.

ಈಗ ಎಲ್ಲರಿಗೂ ರೂಢಿಯಾಗಿದೆ. ಹೊಸಬರು ಯಾರಾದರೂ ಗಾಬರಿಯಾದರೆ ದುರುಗಕ್ಕ ದೂರದಿಂದಲೇ ಕೂಗಿ ಹೇಳುತ್ತಾಳೆ: "ಯಾರೂ ಸತ್ತಿಲ್ಲ ಬಿಡ್ರಪ್ಪ, ಸುಮ್ನೆ ಓಡ್ತಾಳೆ."

ಸುಮ್ಮನೆ ಅಲ್ಲ. ನಿನಗಾದರೂ ನಿಜ ಹೇಳಬೇಕು. ಎದೆ ನಿಂತು ಹೋದಾಗ ಅಪ್ಪಾಜಿಗೆ ನಲವತ್ತೆಂಟು. ಬರುವ ಯುಗಾದಿಯ ಹೊತ್ತಿಗೆ ನನಗೂ ಅಷ್ಟೇ ಆಗುತ್ತದೆ. ಹೋದ ವರ್ಷ ಕಾಲೇಜಿನ ಮೆಟ್ಟಿಲು ಹತ್ತುವಾಗ ಎದೆ ಒಮ್ಮೆ ಜೋರಾಗಿ ಬಡಿದುಕೊಂಡಿತು. ಅವತ್ತಿನಿಂದ ಪಾಠ ಮಾಡುವಾಗ, ಸಾರಿಗೆ ಒಗ್ಗರಣೆ ಹಾಕುವಾಗ, ನನ್ನ ಎದೆಯ ಸದ್ದನ್ನೇ ಕೇಳುತ್ತಾ ಇರುತ್ತೇನೆ. ಹೀಗೆ ಕಾಯುತ್ತಾ ಕೂರುವುದಕ್ಕಿಂತ ಓಡಿ ನೋಡಿಬಿಡೋಣ ಅನಿಸಿತು. ಇದು ಧೈರ್ಯವೋ, ಹೆದರಿಕೆಯೇ ಹೀಗೆ ವೇಷ ಹಾಕಿದೆಯೋ, ಈಗಲೂ ತಿಳಿಯದು. ಎಷ್ಟೋ ಸಲ ಓಡುತ್ತಾ ಓಡುತ್ತಾ ನಿಂತು ಕುತ್ತಿಗೆಯ ನಾಡಿ ಹಿಡಿದು ನೋಡಿಕೊಂಡಿದ್ದೇನೆ. ಬಡಿಯುತ್ತಿರುತ್ತದೆ. ಮತ್ತೆ ಓಡುತ್ತೇನೆ. ಎಲ್ಲೋ ಆಗೊಮ್ಮೆ ಈಗೊಮ್ಮೆ, ಬಿಸಿಲು ಏರುವ ಮೊದಲು, ಹುಲ್ಲಿನ ಮೇಲಿನ ಗಾಳಿ ಮುಖಕ್ಕೆ ಹೊಡೆಯುವಾಗ, ಕೇಳಿಸಿಕೊಳ್ಳುವುದನ್ನು ಮರೆತುಬಿಟ್ಟಿರುತ್ತೇನೆ. ಅಷ್ಟು ಹೊತ್ತು ಹಗುರಾಗಿರುತ್ತೇನೆ. ಅದಕ್ಕಾಗಿಯೇ ಬಿಡಲಾಗಲಿಲ್ಲ.

ಡಾಕ್ಟರಿಗೆ ತೋರಿಸಿದೆಯಾ ಅನ್ನುತ್ತೀಯ. ತೋರಿಸಿದ್ದೇನೆ. ದಾವಣಗೆರೆಯಲ್ಲಿ ಎದೆಗೆ ವೈರು ಅಂಟಿಸಿ ಓಡಿಸಿ ನೋಡುವ ಪರೀಕ್ಷೆ ಆಯಿತು. ಡಾಕ್ಟರು ಕೆಟ್ಟದ್ದೇನೂ ಹೇಳಲಿಲ್ಲ. ಅಮರೇಶ್ ಹಾನಗಲ್ ಹತ್ತಿರ ನೀರು, ಬಾಳೆಹಣ್ಣು ಹಿಡಿದುಕೊಂಡು ನಿಲ್ಲುತ್ತಾರಂತೆ. ಈ ವಯಸ್ಸಿನಲ್ಲಿ ಹೆಂಡತಿಯ ಹಿಂದೆ ಬಿದ್ದಿದ್ದಾನೆ ಎಂದು ಗೆಳೆಯರು ರೇಗಿಸುತ್ತಿದ್ದಾರೆ ಅನ್ನುತ್ತಾ ಖುಷಿಯಾಗಿದ್ದಾರೆ.

ನೀನು ಮಾಡಬೇಕಾದ್ದು ಇಷ್ಟೇ. ಭಾನುವಾರ ಬಿಸಿಲು ಏರಿದ ಮೇಲೆ ಅಂಗಡಿಯ ಮುಂದೆ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂರು. ಶಿಲ್ಪ ಪಕ್ಕದಲ್ಲಿರಲಿ. ಬಿಪಿ ಮಾತ್ರೆ ಮರೆಯಬೇಡ. ನನಗಿಂತ ಮೊದಲು ಬಹಳ ಜನ ಓಡಿ ಬರುತ್ತಾರೆ, ಅವರನ್ನು ನೋಡಿ ಕಣ್ಣು ರೂಢಿ ಮಾಡಿಕೋ. ನಾನು ಬಹುಶಃ ಎಲ್ಲರಿಗಿಂತ ಕೊನೆಯಲ್ಲಿರುತ್ತೇನೆ. ನನ್ನ ಮುಖ ಅಳುವ ಹಾಗೆ ಕಾಣಬಹುದು, ಓಡುವಾಗ ಅದು ಹಾಗೇ ಇರುತ್ತದೆಯಂತೆ, ಅಮರೇಶ್ ಹೇಳುತ್ತಾರೆ. ಅಕ್ಕಪಕ್ಕದ ಅಂಗಡಿಯವರು ಎದ್ದು ನಿಂತು ಏನಾಯಿತು ಸುಲೋಚನಮ್ಮ ಎಂದು ಕೇಳಿದರೆ, ದುರುಗಕ್ಕನ ಮಾತು ಹೇಳು. ನಿನ್ನ ಬಾಯಿಂದ ಅದು ಬಂದರೆ ನನಗೆ ಅಷ್ಟು ದೂರ ಓಡಿದ್ದೂ ಸಾರ್ಥಕ.

ಓಡಿ ಬಂದರೆ ಹೆದರಬೇಡ ಅವ್ವ. ಓಡಿ ಬಂದರೆ ನಾನು ಚೆನ್ನಾಗಿದ್ದೇನೆ ಎಂದರ್ಥ.

ನಿನ್ನ ಮಾತು ಮೀರಿದ ಮಗಳು,
ರಂಜನಿ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಡಾಕ್ಟರು ಕೆಟ್ಟದ್ದೇನೂ ಹೇಳಲಿಲ್ಲ ಅಂದೆನಲ್ಲ, ಹೇಳಲು ನಾನು ಬಿಡಲಿಲ್ಲ. ಆ ಯಂತ್ರದ ಮೇಲೆ ಎದೆಬಡಿತ ಏರಿದ ಕೂಡಲೇ ಮರುಳಪ್ಪನ ಚಪ್ಪಲಿ ಕಣ್ಣಿಗೆ ಬಂತು, ನಿಲ್ಲಿಸಿ ಎಂದು ಇಳಿದುಬಿಟ್ಟೆ. ರಸ್ತೆಯಲ್ಲಿ ಅಷ್ಟು ದೂರ ಓಡುವವಳು ಅಲ್ಲಿ ಓಡಲಾರದೆ ಹೋದೆ. ಅಮರೇಶ್‌ಗೆ ಇದು ಗೊತ್ತಿಲ್ಲ, ನೀನೂ ಹೇಳಬೇಡ. ನಿನ್ನೆ ಒಬ್ಬಳೇ ಮತ್ತೆ ಹೋಗಿ ಪೂರ್ತಿ ಮಾಡಿಸಿದೆ, ಎದೆಯ ಸ್ಕ್ಯಾನನ್ನೂ ಮಾಡಿದರು. ಶನಿವಾರ ಸಂಜೆ ದೊಡ್ಡ ಡಾಕ್ಟರು ನೋಡಿ ಹೇಳುತ್ತಾರಂತೆ. ಅವರು ಬೇಡ ಅಂದರೆ ನಾನು ಓಡುವುದಿಲ್ಲ, ನಿನ್ನಾಣೆ. ಬಸ್ಸಿಗೆ ಬರುತ್ತೇನೆ. ಆದ್ದರಿಂದ ಭಾನುವಾರ ನಾನು ಬಸ್ಸಿಳಿದು ನಿಧಾನಕ್ಕೆ ನಡೆದು ಬರುವುದು ಕಂಡರೆ, ಸದ್ಯ ಓಡಲಿಲ್ಲವಲ್ಲ ಎಂದು ಸಮಾಧಾನಪಡಬೇಡ. ಎದ್ದು ಓಡಿ ಬರಲೂ ಬೇಡ. ಚಪ್ಪಲಿ ಬಿಟ್ಟು ಒಳಗೆ ಬರುತ್ತೇನೆ. ಏನೂ ಕೇಳದೆ ಒಂದು ಲೋಟ ನೀರು ಕೊಡು.