ಪಾತ್ರೆ ಸ್ಟ್ಯಾಂಡು ಹಿಡಿದು ನಿಂತ ಅವ್ವನಿಗೆ

ಭುಜ್, ಕಛ್
ಫೆಬ್ರವರಿ 11, 2024

ಮುನಿಸಿಕೊಂಡು ಕೂತಿರುವ ಅವ್ವನಿಗೆ ದುರ್ಗಾಳ ನಮಸ್ಕಾರ.

ಫೋನ್ ಮಾಡಿದರೆ ಲಿಂಗರಾಜಣ್ಣನ ಕೈಗೆ ಕೊಟ್ಟು ಹಿತ್ತಲಿಗೆ ಹೋಗುತ್ತೀಯಂತೆ. ಅದಕ್ಕೇ ಈ ಕಾಗದ. ಬಾಣಂತನ ಮಾಡಲು ಗಾದಿಗನೂರಿನಿಂದ ಇಷ್ಟು ದೂರ ಬಂದ ನೀನು, ತಿಂಗಳು ತುಂಬುವ ಮೊದಲೇ ರೈಲು ಹತ್ತಿಬಿಟ್ಟೆ. ಹೊರಡುವಾಗ ಮೊಮ್ಮಗಳನ್ನು ಮುಟ್ಟಲೂ ಇಲ್ಲ. ನನಗೆ ಸಿಟ್ಟು ಬಂದಿದೆ ಅವ್ವ.

ಅವತ್ತು ನೆಲ ಅಲುಗಿದಾಗ ಓಣಿಯವರೆಲ್ಲ ಹೊರಗೆ ಓಡಿದರು. ನೀನು ಅಡುಗೆಮನೆಗೆ ಓಡಿ ಪಾತ್ರೆ ಸ್ಟ್ಯಾಂಡನ್ನು ಅವುಚಿ ಹಿಡಿದು, "ಬ್ಲಾಸ್ಟಿಂಗ್ ಹೊಡ್ಯಾಕತ್ಯಾರ, ಕೂಸಿಗೆ ಹಾಲು ಕುಡಿಸಿಕೋತ ಕುಂದ್ರು" ಅಂದೆ. ನಾನೂ ಕುಂತೇ ಇದ್ದೆ. ಬಂಡೆ ಸಿಡಿಸುವ ಮುಂಚೆ ಗಣಿಯ ಸೈರನ್ ಕೂಗಿದರೆ ನಮ್ಮೂರ ಹೆಂಗಸರೆಲ್ಲ ತಾಟು, ತಂಬಿಗೆ ಬೀಳದಂತೆ ಹಿಡಿದು ನಿಲ್ಲುವವರೇ ಅಲ್ಲವೇ? ಪಕ್ಕದ ಮನೆಯ ಜಯಾಬೆನ್ ಬಂದು ನಮ್ಮನ್ನು ಎಳೆದುಕೊಂಡು ಹೋದರು. ವಾಪಸ್ ಬಂದು ನೋಡಿದರೆ ಚಾವಣಿಯ ಗಾರೆ ಕಿತ್ತು ಖಾಲಿ ತೊಟ್ಟಿಲೊಳಗೆ ಬಿದ್ದಿತ್ತು. ಆಮೇಲೆ ನೀನು ಕೂಸನ್ನು ಎತ್ತಿಕೊಳ್ಳಲೇ ಇಲ್ಲ.

ಈಗ ನೆಲ ನಡುಗಿಸಿ ಹೋದದ್ದು ಲಾರಿ. ಬರೆಯುವಾಗ ಪಕ್ಕದಲ್ಲೊಂದು ಲೋಟ ನೀರು ಇಟ್ಟುಕೊಂಡಿರುತ್ತೇನೆ, ಅಲುಗಿದರೆ ತಿಳಿಯಲಿ ಎಂದು.

"ಆ ಊರ ನೆಲಾನ ಸರಿ ಇಲ್ಲ, ಕೂಸಿನ್ನ ಕರಕೊಂಡು ಬಂದುಬಿಡು" ಎಂದು ಅಣ್ಣನ ಬಾಯಲ್ಲಿ ಹೇಳಿಸಿದ್ದೀ. ನೆಲಕ್ಕೇನೂ ಗ್ರಹಚಾರ ಹಿಡಿದಿಲ್ಲ. ಭೂಮಿಯ ಮೇಲಿನ ಕಲ್ಲಿನ ಪದರ ಒಂದೇ ತುಂಡಲ್ಲ, ದೊಡ್ಡ ದೊಡ್ಡ ಹೋಳುಗಳು. ನಮ್ಮ ದೇಶ ಕೂತಿರುವ ಹೋಳು ಉತ್ತರದ ಹೋಳನ್ನು ಒತ್ತುತ್ತಲೇ ಇದೆ. ಅವು ಕೂಡುವ ಹಿಮಾಲಯದ ಉದ್ದಕ್ಕೂ ನಡುಕ ಹೆಚ್ಚು. ಕಛ್‌ನ ಅಡಿಯಲ್ಲಿ ಹಳೆಯ ಬಿರುಕುಗಳಿವೆ, ಆ ಒತ್ತಡ ಅಲ್ಲಿ ಸೇರಿಕೊಳ್ಳುತ್ತದೆ, ತಡೆಯಲಾರದಾಗ ಬಿರುಕಿನ ಎರಡೂ ಬದಿ ಜಾರುತ್ತವೆ. ನಮ್ಮ ಕಡೆಯ ಕಲ್ಲು ಬಹಳ ಹಳೆಯದು, ಗಟ್ಟಿ, ಹೋಳಿನ ಅಂಚಿನಿಂದ ದೂರ. ಹಂಪಿಯಲ್ಲಿ ಬಂಡೆಯ ಮೇಲೆ ಬಂಡೆ ಇನ್ನೂ ಕೂತಿಲ್ಲವೇ? ಅಲ್ಲಿ ಆಗುವುದೇ ಇಲ್ಲವೆಂದಲ್ಲ, ಕಡಿಮೆ. ಅಲ್ಲೇ ಹುಟ್ಟಿ ಬೆಳೆದ ನಿನಗೆ ನಡುಗಿದ್ದೆಲ್ಲ ಬ್ಲಾಸ್ಟಿಂಗ್ ಅನ್ನಿಸಿದರೆ ತಪ್ಪೇನು?

ನಿನ್ನ ಅಳಿಯ ಬಂದರಿನ ಕ್ರೇನ್ ಕೆಲಸಕ್ಕೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಆ ಕೆಲಸ ಬಿಡಿಸಿ ಕರೆದುಕೊಂಡು ಬರಲಾರೆ. ನಾನಂತೂ ಆರಾಮಾಗಿದ್ದೇನೆ, ಹೆದರಿಕೆ ಗಿದರಿಕೆ ಏನಿಲ್ಲ. ತೊಟ್ಟಿಲನ್ನು ಬಾಗಿಲ ಹತ್ತಿರ ಕಟ್ಟಿದ್ದೇನೆ. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ನಿನ್ನ ಕೈಯಿಂದಲೇ ತೊಟ್ಟಿಲಿಗೆ ಹಾಕಿಸಬೇಕೆಂದು ಕಾದಿದ್ದೇನೆ. ಮನಸ್ಸಾದರೆ ಬಾ, ಬಲವಂತವಿಲ್ಲ.

ನಿನ್ನ ಸಿಟ್ಟಿನ ಮಗಳು,
ದುರ್ಗಾ

ತಾ.ಕ.: ಮೊನ್ನೆ ಮತ್ತೆ ಅಲುಗಿತು. ಕೂಸನ್ನು ಎತ್ತಿಕೊಂಡು ಬಯಲಿಗೆ ಓಡಿದೆ. ಅಲ್ಲಿ ನಿಂತು ಮನೆಯ ಕಡೆ ತಿರುಗಿ, "ಅವ್ವಾ, ಸ್ಟ್ಯಾಂಡು ಬಿಟ್ಟು ಹೊರಗ ಬಾ" ಎಂದು ಕೂಗುತ್ತಲೇ ಇದ್ದೆನಂತೆ. ಕನ್ನಡ ಬಾರದಿದ್ದರೂ ಜಯಾಬೆನ್ನರ ಗಂಡನಿಗೆ ಅವ್ವ ಎಂದದ್ದು ತಿಳಿದಿತ್ತು. ಪಾಪ, ನೀನು ಮತ್ತೆ ಬಂದಿದ್ದೀಯೇನೋ ಎಂದು ಒಳಗೆ ಹೋಗಿ ಎಲ್ಲ ಕೋಣೆಗಳಲ್ಲೂ ನಿನ್ನನ್ನು ಹುಡುಕಿ ಬಂದರು.