ಎರಡು ಸಿಯಾಚಿನ್ ಪದಕ

ಕೊಳಕೂರ, ತಾ. ಜೇವರ್ಗಿ
24 ಆಗಸ್ಟ್ 2024

ಚಿ. ಸೌ. ಮಧುಮತಿಗೆ ನಿನ್ನ ಮಾವ ಭಗವಂತನ ಜೈ ಭೀಮ್.

ನಿನ್ನ ಹೆಸರಿನ ಹಿಂದೆ ಮತ್ತೆ ‘ಸೌ.’ ಬರೆದಿದ್ದೇನೆ. ನಿನ್ನ ಗಂಡ, ನನ್ನ ಮಗ ದೇವಾನಂದ ಹೋದ ಮೇಲೆ ಬಿಟ್ಟಿದ್ದ ಅಕ್ಷರ. ನಿನ್ನ ಮದುವೆ ಇನ್ನೂ ಮುಂದಿನ ತಿಂಗಳು, ಗೊತ್ತು. ಇರಲಿ ಬಿಡು. ನೀನು ಅಫಜಲಪುರದಿಂದ ಫೋನ್ ಮಾಡಿ, “ಮಾಮಾ, ನಿಮ್ಮ ಮಗನ ಸಿಯಾಚಿನ್ ಪದಕ ನನಗ ಕೊಡ್ರಿ, ಹೋಗೋ ಮನ್ಯಾಗ ಇಟ್ಕೋತೇನಿ. ಮದುವಿ ಆಗೋರೂ ಹೂಂ ಅಂದಾರ” ಎಂದು ಕೇಳಿ ತಿಂಗಳಾಯಿತು. ಉತ್ತರ ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳುವ ಮಾತಾಗಿದ್ದರೆ ಅಂದೇ ಹೇಳುತ್ತಿದ್ದೆ.

ಇಲ್ಲಿ ತೊಗರಿ ಚೆನ್ನಾಗಿ ಎದ್ದಿದೆ. ನನ್ನ ತಮ್ಮ ಜಗದೇವ ಕಳೆ ತೆಗೆಸುತ್ತಿದ್ದಾನೆ. ಹದಿನೈದನೇ ತಾರೀಖು ಜೇವರ್ಗಿಯಲ್ಲಿ ಧ್ವಜಾರೋಹಣಕ್ಕೆ ಮಾಜಿ ಸೈನಿಕರನ್ನು ಕರೆದಿದ್ದರು. ನಮ್ಮ ರಿವಾಜು ನಿನಗೆ ಗೊತ್ತಲ್ಲ, ತಾನು ಗಳಿಸಿದ ಪದಕ ಎಡ ಎದೆಗೆ, ತೀರಿಕೊಂಡವರದು ಮನೆಯವರ ಬಲ ಎದೆಗೆ. ದೇವಾನಂದ ಹೋದಾಗಿನಿಂದ ಇಷ್ಟು ವರ್ಷ ನಾನು ಪದಕದ ಡಬ್ಬಿ ಮುಟ್ಟಿರಲಿಲ್ಲ. ಅಂದು ತೆಗೆದರೆ ಏನು ಹೇಳಲಿ! ಪದಕವೆಲ್ಲ ಫಳಫಳ, ರಿಬ್ಬನ್ನಿನ ಬಣ್ಣ ಮಾತ್ರ ತೊಳೆದುಹೋಗಿದೆ. ಬುದ್ಧನ ಮುಂದಿನ ಹಿತ್ತಾಳೆ ದೀಪ ತಿಕ್ಕುವ ಹಾಗೆ ನಿನ್ನ ಅತ್ತೆ ಅಂಬುಬಾಯಿ ವಾರವಾರ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿದ್ದಾಳೆ. ಪದಕದ ಅಂಚಿಗೆ ಸೈನಿಕನ ನಂಬರು, ಹೆಸರು ಕೊರೆದಿರುತ್ತಾರೆ. ನನ್ನ, ದೇವಾನಂದನ ಇಬ್ಬರ ಸಿಯಾಚಿನ್ ಪದಕದ ಮೇಲೂ ಅದು ಸವೆದು ನುಣ್ಣಗಾಗಿದೆ. ಅಪ್ಪ, ಮಗ ಒಂದೇ ಹಿಮದಲ್ಲಿ ಕಾವಲು ನಿಂತವರು, ಪದಕವೂ ಒಂದೇ ತರಹದ್ದು. ಯಾವುದು ಇಳಿದು ಬಂದವನದು, ಯಾವುದು ಹಿಮ ಕುಸಿದು ಸತ್ತವನದು, ಈಗ ಯಾರಿಗೂ ತಿಳಿಯದು.

“ಏನ್ ಮಾಡಿಟ್ಟಿದಿ ಬೇ? ಇದೇನು ತಂಬಗಿ ಏನು?” ಎಂದು ಕೂಗಾಡಿದೆ. ಅಂದಾಜಿನ ಮೇಲೆ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಚುಚ್ಚಿಕೊಂಡು ಹೋದೆ. ಅಲ್ಲಿ ಧ್ವಜ ನೋಡಲು ಬಂದಿದ್ದ ನೆಲೋಗಿಯ ಮಲ್ಕಪ್ಪ ಕೈ ಹಿಡಿದು, “ಭಲೇ ಹವಾಲ್ದಾರ ಸಾಹೇಬ್ರ, ಎರಡೂ ಕಡಿ ಎದಿ ತುಂಬೈತಿ ನೋಡ್ರಿ!” ಎಂದ. ರೈತ ಮನುಷ್ಯ, ಬಲಗಡೆಯ ಅರ್ಥ ಅವನಿಗೇನು ಗೊತ್ತು. “ಹೌದ್ರಿ” ಎಂದೆ.

ಮನೆಗೆ ಬಂದು ನೀನು ಕೇಳಿದ್ದನ್ನು ನಿನ್ನ ಅತ್ತೆಗೆ ಹೇಳಿದೆ. “ಬ್ಯಾರೆ ಮನಿಗಿ ಹೋಗಾಕಿಗಿ ನನ್ನ ಮಗನ ಪದಕ ಯಾಕ?” ಎಂದಳು. ಆಮೇಲೆ ವಾರವಿಡೀ ಸರಿಯಾಗಿ ಊಟ ಮಾಡಲಿಲ್ಲ. ನಿನ್ನೆ ತಾನಾಗಿಯೇ ಡಬ್ಬಿ ತಂದು, ಎರಡನ್ನೂ ಕೈಯಲ್ಲಿ ಹಿಡಿದು ನೋಡಿ, ಒಂದನ್ನು ನನಗೆ ಕೊಟ್ಟಳು.

“ಇದು ಮಧುಗ ಕೊಡ್ರಿ.”

“ಇದು ಯಾರದು?”

“ನಮ್ಮ ದೇವೂಂದು.”

“ಹಂಗಾದ್ರ ಅದು?”

“ಅದೂ ದೇವೂಂದೇ.”

ನನ್ನದೆಲ್ಲಿ ಎಂದು ನಾನು ಕೇಳಲಿಲ್ಲ. ಇಪ್ಪತ್ನಾಲ್ಕು ವರ್ಷ ಚಾಕರಿ ಮಾಡಿದವನು ಒಂದು ಪದಕ ಬಿಟ್ಟರೆ ಬಡವನಾಗುವುದಿಲ್ಲ. ಜಗದೇವನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೆಸರಿಲ್ಲವೆಂದು ನೊಂದುಕೊಳ್ಳಬೇಡ, ದೇವಾನಂದನದೇ ಎಂದು ಇಟ್ಟುಕೋ.

ಹೊಸ ಮನೆಯಲ್ಲಿ ಸುಖವಾಗಿ ಬಾಳು. ನೀನು ನಕ್ಕರೆ ಅವನಿಗೆ ದ್ರೋಹವಾಗುವುದಿಲ್ಲ, ಅವನ ಅಪ್ಪನಾಗಿ ಹೇಳುತ್ತಿದ್ದೇನೆ. ಮೊದಲ ಪಂಚಮಿಗೆ ತವರಿಗೆ ಹೋಗುವಾಗ ಕೊಳಕೂರಕ್ಕೂ ಎರಡು ದಿನ ಬಂದು ಹೋಗು.

ನಿನ್ನ ಮಾವ,
ಭಗವಂತ

ತಾ.ಕ.: ಅತ್ತೆಯ ಮೇಲೆ ಸಿಟ್ಟು ಬೇಡ. ಇಷ್ಟು ಬರೆದು ಅವಳನ್ನೇ ಕೇಳಿದೆ, “ಅಷ್ಟ್ಯಾಕ ತಿಕ್ಕಿದಿ ಅಂಬೂ?” ಹೊಸ್ತಿಲ ಮೇಲೆ ಕೂತಿದ್ದಳು. ಅಲ್ಲಿಂದಲೇ ಅಂದಳು, “ದೇವೂನ್ನ ತಂದ ಮಿಲಿಟ್ರಿಯವ್ರು ಪೆಟ್ಟಿಗಿ ತಗೀಬ್ಯಾಡ್ರಿ ಅಂದ್ರು. ಮುಚ್ಚಿದ್ದು ಮುಚ್ಚಿದಂಗೇ ಮಣ್ಣ ಮಾಡಿದ್ರಿ. ನನ್ನ ಕೂಸಿಗಿ ಒಂದು ಚರಗಿ ನೀರ ಹಾಕಿ ಮೈ ತೊಳೀಲಿಲ್ಲರಿ ನಾ.”