ಬಾಗಿಲ ಮುಂದಿನ ಗಾಡಿಗಳು

ಸೋನ್ಯಾಳ, ತಾ. ಜತ್ತ, ಜಿ. ಸಾಂಗ್ಲಿ
ಮಂಗಳವಾರ, 18 ನವೆಂಬರ್ 2025

ಪ್ರೀತಿಯ ಮಗಳು ಸೃಷ್ಟಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ಮೊದಲು ನಿನ್ನ ಮೊಣಕಾಲಿನ ವಿಷಯ ಬರೆ. ಪೊಲೀಸ್ ತರಬೇತಿಯಲ್ಲಿ ಓಡುವಾಗ ಹಿಡಿದುಕೊಳ್ಳುತ್ತದೆ ಅಂದಿದ್ದೆಯಲ್ಲ, ಈಗ ಹೇಗಿದೆ? ಮಲಗುವ ಮುಂದೆ ಎಣ್ಣೆ ಬಿಸಿ ಮಾಡಿ ಹಚ್ಚಿಕೋ. ಜೊತೆಯ ಹುಡುಗಿಯರು ನಕ್ಕರೆ ನಗಲಿ, ನಾಳೆ ಅವರೇ ಬಟ್ಟಲು ಹಿಡಿದು ಬರುತ್ತಾರೆ. ಅಲ್ಲಿಯ ಊಟದಲ್ಲಿ ಖಾರ ಇಲ್ಲ ಅಂದೆ ಎಂದು ಶೇಂಗಾ ಚಟ್ನಿ ಕುಟ್ಟಿ ಇಟ್ಟಿದ್ದೇನೆ. ನಮ್ಮ ಕಡೆಯವರು ಯಾರಾದರೂ ಆ ದಿಕ್ಕಿಗೆ ಹೊರಟರೆ ಕಳಿಸುತ್ತೇನೆ. ನಾವಿಬ್ಬರೂ ಆರಾಮ ಇದ್ದೇವೆ. ಜೋಳ ಚಲೋ ಎದ್ದಿದೆ. ಕಂದು ಚುಕ್ಕೆಯ ಕುರಿ ಎರಡು ಮರಿ ಹಾಕಿದೆ. ಎರಡೂ ಅದರ ಹಾಗೆಯೇ ಗಿಣಿಮೂಗಿನವು, ಎರಡೂ ಗದ್ದಲದವು. ನಿಮ್ಮಪ್ಪನವರು ಅವಕ್ಕೆ ಹಾಲು ಕುಡಿಸುವ ನೆಪದಲ್ಲಿ ಬೆಳಗಿನ ಕೆಲಸವನ್ನೆಲ್ಲ ನನ್ನ ಮೇಲೆ ಹಾಕಿದ್ದಾರೆ.

ಹೋದ ರವಿವಾರ ನೀನು ಫೋನಿನಲ್ಲಿ, "ಯಳವಿಯವರು ಬಂದಿದ್ರಂತಲ್ಲ, ಏನಾತಬೇ?" ಎಂದು ಕೇಳಿದಾಗ ನಾನು, "ಬಂದಿದ್ರು, ಚಾ ಕುಡದು ಹೋದ್ರು" ಅಂದೆ. ಅಷ್ಟರಲ್ಲಿ ನಿನ್ನ ಹಿಂದೆ ನಿಂತ ಹುಡುಗಿಯರ ಪಾಳಿ ಬಂತು, ನೀನು ಫೋನು ಇಟ್ಟೆ. ಅವರು ಚಹಾ ಕುಡಿದು ಹೋದದ್ದು ನಿಜ. ಆದರೆ ಆ ಚಹಾ ಮಧ್ಯಾಹ್ನದಿಂದ ಸಂಜೆಯವರೆಗೆ ನಡೆಯಿತು, ಮೂರು ಸಲ ಒಲೆಗೆ ಏರಿತು. ಅದನ್ನೆಲ್ಲ ಆ ಫೋನಿನಲ್ಲಿ ಹೇಳಿ ಮುಗಿಸುವುದು ಆಗುವ ಮಾತಲ್ಲ, ಅದಕ್ಕೇ ಈ ಪತ್ರ.

ಯಳವಿ ಊರಿನಿಂದ ನಿನ್ನ ಸಂಬಂಧ ಕೇಳಲು ಬಂದವರು ಇಬ್ಬರು. ಹುಡುಗ ಕಲ್ಮೇಶ, ಭಾಗವ್ವತ್ತೆಯ ಮಗನ ಮದುವೆಯಲ್ಲಿ ನೀನು ನೋಡಿ ಮಾತಾಡಿಸಿದ್ದೆಯಲ್ಲ, ದಾಳಿಂಬೆ ತೋಟ ಮಾಡಿಕೊಂಡಿರುವವನು. ನಾನು ಕೇಳಿದರೆ ನೀನು "ನೋಡೂಣು" ಅಂದಿದ್ದೆ. ನಿನ್ನ ಬಾಯಲ್ಲಿ ಅಷ್ಟು ಬಂದದ್ದೇ ನನಗೆ ಹಬ್ಬವಾಗಿತ್ತು. ಇನ್ನೊಬ್ಬರು ಅವನ ಕಾಕಾ ಶಿದ್ರಾಯ. ಹುಡುಗನಿಗೆ ತಂದೆ ಇಲ್ಲ, ಮನೆಯ ಹಿರಿತನವೆಲ್ಲ ಈ ಕಾಕಾನದು. ಮಾತು ಚೆನ್ನಾಗಿಯೇ ಹೊರಟಿತ್ತು. ಮಳೆ, ದಾಳಿಂಬೆ, ಕುರಿಯ ಸಂತೆ, ನಿನ್ನ ತರಬೇತಿ ಯಾವಾಗ ಮುಗಿಯುತ್ತದೆ ಎನ್ನುವುದು, ಎಲ್ಲ ಆಯಿತು. ಆಮೇಲೆ ಶಿದ್ರಾಯ ಗಂಟಲು ಸರಿಮಾಡಿಕೊಂಡು, "ನಮಗ ಬಂಗಾರ ಬ್ಯಾಡ, ರೊಕ್ಕ ಬ್ಯಾಡ್ರಿ. ಹುಡುಗಿ ನೌಕರಿ ಮಾಡಾಕಿ, ಬರಾಕ ಹೋಗಾಕ ಬೇಕಲ್ಲ. ಬಾಗಲ ಮುಂದ ಒಂದು ಕಾರ್ ನಿಂತ್ರ ಸಾಕು. ನೀವಂತೂ ಗಾಡಿ ಮಂದಿ, ನಿಮಗೇನ ದೊಡ್ಡದಲ್ಲ" ಎಂದು ಹೊರಗೆ ನಿಂತ ನಮ್ಮ ಪಿಕಪ್ಪಿನ ಕಡೆ ಕೈ ಮಾಡಿದರು.

ನಿಮ್ಮಪ್ಪನವರ ಸಿಟ್ಟು ನಿನಗೆ ಗೊತ್ತು. ಆದರೆ ಅವರು ಚಹಾದ ಬಸಿಯನ್ನು ಕೆಳಗಿಟ್ಟು, ಮೀಸೆ ಒರೆಸಿಕೊಂಡು, ನಗುನಗುತ್ತಲೇ, "ಗಾಡಿ ಮಂದಿ ಅನ್ನೂದು ಖರೆ. ಹೆಂಗ ಗಾಡಿ ಮಂದಿ ಆದ್ವಿ ಅನ್ನೂದು ಹೇಳ್ತೀನಿ, ಕುಂದ್ರಿ" ಅಂದರು. ಬಂದವರು ಎದ್ದು ಹೋಗುವ ಹಾಗಿಲ್ಲ, ಇವರು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು.

ಸೈಕಲ್ಲಿನಿಂದ ಹಿಡಿದರು. ಮದುವೆಯಲ್ಲಿ ನನ್ನ ಅಪ್ಪ ಸೈಕಲ್ಲು ಕೊಡುತ್ತೇನೆ ಅಂದಾಗ ಇವರು ಬೇಡ ಅಂದು, ತಾವು ಸಾಕಿದ ಟಗರು ಮಾರಿ ಹಳೆಯದೊಂದನ್ನು ತಂದರಂತೆ. ಅದು ನಿಜ. ಅದರ ಮೇಲೆ ನನ್ನನ್ನು ಕರೆದೊಯ್ಯಲು ನನ್ನ ತವರು ಮಾಡಗ್ಯಾಳಕ್ಕೆ ಬಂದರಂತೆ. ಅದೂ ನಿಜ. ಆದರೆ ಹೇಳದೇ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಊರು ದಾಟಿ ಸ್ವಲ್ಪ ದೂರ ಬಂದಿದ್ದೆವೋ ಇಲ್ಲವೋ, ನನ್ನ ಹೊಸ ಸೀರೆಯ ಸೆರಗು ಹಿಂದಿನ ಗಾಲಿಯಲ್ಲಿ ಸಿಕ್ಕಿತು. ನಾನು ಚೀರಿದೆ, ಇವರು ಗಾಬರಿಯಾಗಿ ಸೈಕಲ್ಲು ತಗ್ಗಿಗೆ ಇಳಿಸಿದರು, ಜಾಲಿಯ ಮುಳ್ಳು ಚುಚ್ಚಿ ಎರಡೂ ಗಾಲಿಯ ಗಾಳಿ ಹೋಯಿತು. ಸೆರಗನ್ನು ಎಳೆ ಎಳೆಯಾಗಿ ಬಿಡಿಸುತ್ತ ಇವರು ಅಂದದ್ದು, "ಸೀರಿ ಹರದದ್ದು ನಮ್ಮವ್ವಗ ಹೇಳಬ್ಯಾಡ." ಮದುವೆಯಾದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು. ಸೋನ್ಯಾಳದವರೆಗೆ ಸೈಕಲ್ಲನ್ನು ನಡುವೆ ಹಿಡಿದುಕೊಂಡು ಇಬ್ಬರೂ ನಡೆದೆವು. ಊರು ಮುಟ್ಟುವ ಹೊತ್ತಿಗೆ ನನಗೆ ಈ ಮನುಷ್ಯನ ಅಂಜಿಕೆ ಹೋಗಿತ್ತು.

ಆಮೇಲೆ ಮೊಪೆಡ್. ಇವರು ಒಂದೊಂದು ಎರಡೆರಡು ಮರಿಗಳನ್ನು ಕೊಂಡು ಮಾರುವ ವ್ಯಾಪಾರ ಹಿಡಿದ ಕಾಲ ಅದು. ಮುಂದೆ ಕಾಲಿನ ನಡುವೆ ಒಂದು ಮರಿ, ಹಿಂದೆ ನಾನು, ನನ್ನ ತೊಡೆಯ ಮೇಲೆ ಇನ್ನೊಂದು. ಏರು ಬಂದರೆ ನಾನು ಇಳಿಯಬೇಕು, ಮರಿ ಇಳಿಯುವಂತಿಲ್ಲ, ಯಾಕೆಂದರೆ ಅದಕ್ಕೆ ಗಿರಾಕಿ ಇದ್ದ. ಈ ಮಾತಿಗೆ ಕಲ್ಮೇಶ ನಕ್ಕ, ಕಾಕಾ ನೋಡಿದ ಕೂಡಲೇ ಸುಮ್ಮನಾದ. ನೀನು ಹೊಟ್ಟೆಯಲ್ಲಿದ್ದಾಗ ದವಾಖಾನೆಗೆ ಜತ್ತಕ್ಕೆ ಹೋಗಬೇಕಾದರೆ ಇವರು ಆ ಮೊಪೆಡ್ಡನ್ನು ಎಷ್ಟು ನಿಧಾನ ಓಡಿಸುತ್ತಿದ್ದರೆಂದರೆ, ಹುಲ್ಲಿನ ಹೊರೆ ಹೊತ್ತ ಮುದುಕಿ ಕಾಳವ್ವ ನಮ್ಮ ಜೊತೆಜೊತೆಗೇ ನಡೆಯುತ್ತ ತನ್ನ ಸೊಸೆಯ ದೂರನ್ನೆಲ್ಲ ನನಗೆ ಹೇಳಿ ಮುಗಿಸಿದ್ದಳು.

ಮೂರು ಗಾಲಿಯ ಟೆಂಪೋ ನಿನಗೇ ನೆನಪಿದೆ. ಯಾರೋ ಓಡಿಸಿ ಬಿಟ್ಟದ್ದನ್ನು ತಂದಿದ್ದೆವು. ನನ್ನ ಹಂಗಾಮಿನ ಕೂಲಿಯೂ ಅದರಲ್ಲಿ ಸೇರಿತ್ತು, ಅದನ್ನು ನಿಮ್ಮಪ್ಪನವರು ಅತಿಥಿಗಳ ಮುಂದೆ ಎರಡು ಸಲ ಹೇಳಿದರು. ಆ ಟೆಂಪೋಗೆ ಹಿಂದಕ್ಕೆ ಹೋಗುವುದು ಗೊತ್ತಿರಲಿಲ್ಲ. ಯಾವ ಓಣಿಗೆ ಹೊಕ್ಕರೂ ಹೊರಬರುವ ದಾರಿ ಮೊದಲೇ ನೋಡಿಕೊಂಡು ಹೊಗಬೇಕು, ಇಲ್ಲವಾದರೆ ನಾಲ್ಕು ಜನ ಸೇರಿ ದಬ್ಬಬೇಕು. ಮಾಡಗ್ಯಾಳದ ಸಂತೆಯಲ್ಲಿ ಇವರನ್ನು ಕಂಡರೆ ಜನ ಮೊದಲೇ ಅಂಗಿಯ ತೋಳು ಮಡಚುತ್ತಿದ್ದರು.

ಇಲ್ಲಿಯವರೆಗೆ ನಗುತ್ತ ಹೇಳುತ್ತಿದ್ದ ಮನುಷ್ಯ ಆಮೇಲೆ ಒಂದು ವಿಷಯ ತೆಗೆದರು. ಅದನ್ನು ಅವರು ಗಮನಿಸಿದ್ದರೆಂದು ನನಗೂ ಗೊತ್ತಿರಲಿಲ್ಲ. ನೀನು ದೊಡ್ಡ ಸಾಲಿಗೆ, ಹೈಸ್ಕೂಲಿಗೆ, ಹೋಗುವಾಗ ದಿನಾಲೂ ಟೆಂಪೋದಲ್ಲಿ ಬಿಡುತ್ತಿದ್ದರಲ್ಲ. ಕುರಿಯ ವಾಸನೆಗೆ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಾರೆಂದು ನೀನು ಬೇವಿನ ಗಿಡದ ತಿರುವಿನಲ್ಲೇ ಇಳಿದು, "ಇಲ್ಲಿಂದ ನಡಕೊಂಡು ಹೋಗ್ತೀನಪ್ಪಾ, ವ್ಯಾಯಾಮ ಆಗ್ತದ" ಅನ್ನುತ್ತಿದ್ದೆಯಂತೆ. ಕೆಲವು ದಿನಗಳಾದ ಮೇಲೆ ನೀನು ಹೇಳುವ ಮೊದಲೇ ಇವರು ತಿರುವಿನಲ್ಲಿ ನಿಲ್ಲಿಸತೊಡಗಿದರಂತೆ. "ಕೂಸಿಗೆ ದಿನಾ ಸುಳ್ಳು ಹೇಳೂದು ತಪ್ಪಲಿ ಅಂತ ನಾನ ನಿಂದರಸ್ತಿದ್ದೆ" ಅಂದರು. ನೀನು ಇದನ್ನು ಓದಿ ಅಳಬೇಡ, ಅದಕ್ಕಲ್ಲ ಬರೆದದ್ದು. ಮುಂದಿನದನ್ನು ಕೇಳು.

ಟೆಂಪೋ ಹೋಗಿ ನಾಲ್ಕು ಗಾಲಿಯ ಪಿಕಪ್ಪು ಬಂದ ಮೇಲೆ, ಪೊಲೀಸ್ ಭರತಿಗೆ ನಿನ್ನ ಓಟದ ಪರೀಕ್ಷೆ ಇತ್ತಲ್ಲ, ಸಾಂಗ್ಲಿಯಲ್ಲಿ. ಅಂದು ನಿನಗೆ ಬಸ್ಸು ತಪ್ಪಿತು. ಹಿಂದೆ ಟಗರುಗಳನ್ನು ಏರಿಸಿಯಾಗಿತ್ತು, ಇಳಿಸಲು ಹೊತ್ತಿರಲಿಲ್ಲ. ಹಾಗೆಯೇ ಹೊರಟೆವು. ಮೈದಾನದ ಹತ್ತಿರ ನೂರಾರು ಹುಡುಗಿಯರು, ಅವರ ತಂದೆತಾಯಿಗಳು. ಇವರು ರೂಢಿಯ ಹಾಗೆ ದೂರದಲ್ಲೇ ನಿಲ್ಲಿಸಿದರು. ನೀನು ಇಳಿಯಲಿಲ್ಲ. "ಇಲ್ಯಾಕ ನಿಂದರ್ಸಿದಿ? ಗೇಟಿನ ತನಕ ನಡಿಯಪ್ಪಾ" ಅಂದೆ. ಟಗರುಗಳು ಒದರುತ್ತಿದ್ದವು, ಎಲ್ಲರೂ ತಿರುಗಿ ನೋಡುತ್ತಿದ್ದರು, ನೀನು ಗೇಟಿನ ಎದುರೇ ಇಳಿದು ಹಿಂದೆ ಬಂದು ಒಂದು ಟಗರಿನ ತಲೆ ಸವರಿ ಒಳಗೆ ಹೋದೆ. ಇದನ್ನು ಹೇಳಿ ನಿಮ್ಮಪ್ಪನವರು ಟವೆಲಿನಿಂದ ಮುಖ ಒರೆಸಿಕೊಂಡರು. ನಾನು ಚಹಾದ ನೆಪ ಮಾಡಿ ಒಳಗೆ ಹೋದೆ.

ಮರಳಿ ಬಂದಾಗ ಅವರು ಶಿದ್ರಾಯರಿಗೆ ಹೇಳುತ್ತಿದ್ದರು, "ಇದರಾಗ ಒಂದೂ ಗಾಡಿ ನಮಗ ಯಾರೂ ಕೊಟ್ಟಿದ್ದಲ್ರಿ. ನಾನೂ ಇಕಿನೂ ಕೂಡಿ ತಂದಿದ್ದು. ನಮ್ಮ ಹುಡುಗಿನೂ ನಿಮ್ಮ ಹುಡುಗನೂ ಕೂಡಿ ಏನು ತರ್ತಾರೋ ತರ್ಲಿ. ಸೈಕಲ್ ತಂದ್ರ ನಾ ಗಾಳಿ ಹಾಕ್ತೀನಿ. ಕಾರ್ ಮಾತ್ರ ಕೊಡೂದಿಲ್ಲ." ಶಿದ್ರಾಯರ ಮುಖ ಬಿಗಿಯಿತು. "ವಿಚಾರ ಮಾಡಿ ಹೇಳ್ತೀವ್ರಿ" ಎಂದು ಎದ್ದರು. ನಾನು ಕೊಟ್ಟ ಮೂರನೆಯ ಚಹಾ ಅರ್ಧ ಉಳಿಯಿತು. ಕಲ್ಮೇಶ ಪೂರ್ತಿ ಕುಡಿದು, ಬಸಿಯನ್ನು ತಾನೇ ಒಳಗೆ ತಂದಿಟ್ಟು ಹೋದ.

ಅವರು ಹೋದ ಮೇಲೆ ನಾನು ಜಗಳ ತೆಗೆದೆ. ಹುಡುಗ ಒಳ್ಳೆಯವನು, ನೀನೂ "ನೋಡೂಣು" ಅಂದಿದ್ದೀಯ, ಹೀಗೆ ಮುರಿದು ಕಳಿಸಿದರೆ ಹೇಗೆ ಎಂದು. "ಸ್ವಲ್ಪ ನಯವಾಗಿ ಹೇಳಬೇಕಿತ್ತು" ಅಂದೆ. "ನಯವಾಗೇ ಹೇಳೀನಿ. ಸೈಕಲ್ಲಿನಿಂದ ಚಾಲೂ ಮಾಡೀನಲ್ಲ" ಅಂದರು. ನನಗೆ ಸಿಟ್ಟಿನಲ್ಲೂ ನಗು ಬಂತು. ಆದರೆ ಆ ದಿನ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. ಅವರೂ ಮನಸ್ಸಿನಲ್ಲಿ ಮರುಗುತ್ತಿದ್ದರು, ಮರಿಗಳ ಹತ್ತಿರ ಹೋಗಿ ಕುಳಿತುಬಿಟ್ಟಿದ್ದರು.

ನನಗೆ ಇನ್ನೊಂದು ಸಂಕಟವೂ ಇತ್ತು, ಹೇಳಿದರೆ ನಗುತ್ತೀಯ. ನಾನು ಗಾಡಿ ಕಲಿತ ಕಥೆ ಬರುವ ಮೊದಲೇ ಅವರು ಎದ್ದುಬಿಟ್ಟರು. ಟಗರು ಗುದ್ದಿ ಇವರ ಕೈ ಮುರಿದು ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿದ್ದಾಗ, ಬಕ್ರೀದಿಗೆ ಮೊದಲಿನ ಸಂತೆ ಕೈಬಿಟ್ಟು ಹೋಗುತ್ತದೆಂದು, ನಮ್ಮ ಬೀಳು ಹೊಲದಲ್ಲಿ ನಾನು ಪಿಕಪ್ಪು ಕಲಿತದ್ದು, ಇವರು ಪಕ್ಕದಲ್ಲಿ ಕುಳಿತು "ಕ್ಲಚ್, ಕ್ಲಚ್" ಎಂದು ಒದರಿ ಒದರಿ ಗಂಟಲು ಕೆಡಿಸಿಕೊಂಡದ್ದು, ಲೈಸನ್ಸ್ ಸಿಕ್ಕ ಮೇಲೆ ಮೊದಲ ಸಲ ಮಾಡಗ್ಯಾಳಕ್ಕೆ ಹೋದಾಗ ನಮ್ಮ ಓಣಿಯ ಅಮೋಗಸಿದ್ದಣ್ಣ ತನ್ನ ಟಗರುಗಳನ್ನೆಲ್ಲ ಏರಿಸಿ, ತಾನು ಮಾತ್ರ ಏರದೆ, "ತಂಗೀ, ಕುರಿ ಅಷ್ಟ ಒಯ್ಯಿ. ನಾ ನಡಕೊಂಡು ಬರ್ತೀನಿ" ಅಂದದ್ದು. ಅದನ್ನು ಹೊರಗಿನವರ ಎದುರು ಇವರ ಬಾಯಿಂದ ಕೇಳುವ ಆಸೆ ನನಗಿತ್ತು.

ಇರಲಿ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಓದು, ಓಟ, ಬಂದೂಕು ಏನಿದೆಯೋ ಅದರ ಕಡೆ ಲಕ್ಷ್ಯ ಇಡು. ಹೊಟ್ಟೆ ತುಂಬ ಉಣ್ಣು. ನಿನ್ನ ಕೋಣೆಯ ಹುಡುಗಿಯರಿಗೆಲ್ಲ ನನ್ನ ಆಶೀರ್ವಾದ ಹೇಳು. ಅವರ ಅವ್ವಂದಿರ ಪತ್ರ ಬರದಿದ್ದರೆ ಇದನ್ನೇ ಹಂಚಿಕೊಂಡು ಓದಿರಿ. ನಮ್ಮ ದೇವರು ಬೀರಪ್ಪ ನಿನ್ನ ಬೆನ್ನ ಹಿಂದೆ ನಿಲ್ಲಲಿ. ನಿಮ್ಮಪ್ಪನವರು ಮರಿಗಳ ಪರವಾಗಿಯೂ ಆಶೀರ್ವಾದ ಬರೆ ಅನ್ನುತ್ತಿದ್ದಾರೆ.

ನಿನ್ನ ಅವ್ವ,
ಹಾಲವ್ವ ಬಸಗೊಂಡ

ತಾ. ಕ.: ಬರೆದಿಟ್ಟ ಈ ಪತ್ರ ಪೋಸ್ಟಿಗೆ ಹಾಕದೆ ವಾರ ಉಳಿದುಹೋಯಿತು. ಈಗ ಪೋಸ್ಟಿನವ ಹೊರಡುವ ಹೊತ್ತಾಯಿತು, ಲಗೂನ ಬರೆಯುತ್ತೇನೆ. ಶುಕ್ರವಾರ ಕಲ್ಮೇಶ ಒಬ್ಬನೇ ಮೋಟರ್‌ಸೈಕಲ್ ಮೇಲೆ ಬಂದಿದ್ದ. ಬಾಗಿಲಲ್ಲೇ ನಿಂತು, "ಮಾವಾರ" ಅಂದು, ಅಂದದ್ದಕ್ಕೆ ತಾನೇ ನಾಚಿ, "ಕಾಕಾ ಕಾರ್ ಕೇಳ್ತಾನಂತ ನನಗ ಗೊತ್ತಿರಲಿಲ್ರಿ. ನನಗ ಬ್ಯಾಡ. ಮನ್ಯಾಗ ಹೇಳೀನಿ, ಅವ್ವನೂ ಹೂಂ ಅಂದಾಳ. ಕಾಕಾನ ಸಿಟ್ಟು ಇಳಿಯಾಕ ವ್ಯಾಳ್ಯಾ ಬೇಕು" ಅಂದ. ನಿನ್ನ ವಿಳಾಸ ಕೇಳಿದ. ನಿನ್ನನ್ನು ಕೇಳದೆ ಕೊಡುವುದಿಲ್ಲ ಎಂದೆ, ಸರಿ ಅಂದ. ನಿಮ್ಮಪ್ಪನವರು ಕೇಳಿದ್ದು ಒಂದೇ: "ನಾಕ ಗಾಲಿ ಗಾಡಿ ಹೊಡ್ಯಾಕ ಬರ್ತದೇನು?" ಬರುವುದಿಲ್ಲ ಅಂದ. "ಹಂಗಾರ ನಾಳಿಂದ ಬಾ, ಹಾಲವ್ವ ಕಲಸ್ತಾಳ" ಅಂದುಬಿಟ್ಟರು. ಅಂದಿನಿಂದ ದಿನಾ ಬೆಳಿಗ್ಗೆ ಬೀಳು ಹೊಲಕ್ಕೆ ಬರುತ್ತಾನೆ, ಬೈದರೂ ನಗುತ್ತಾನೆ. ವಿಳಾಸ ಕೊಡಲೋ ಬೇಡವೋ, ನಿನ್ನ ಮನಸ್ಸಿನಲ್ಲಿ ಏನಿದೆ, ಬಿಚ್ಚಿ ಬರೆ. ಬೇಡ ಅಂದರೂ ನಮಗೇನೂ ಬೇಸರವಿಲ್ಲ. ಸದ್ಯಕ್ಕೆ ಅವನನ್ನು ಎರಡನೆಯ ಗೇರಿನಲ್ಲೇ ಇಟ್ಟಿದ್ದೇನೆ, ಮೂರನೆಯದು ನಿನ್ನ ಉತ್ತರ ಬಂದ ಮೇಲೆ.